ಕುಸಿತದ ಸರದಿ ಮತ್ತು ನಿವೃತ್ತಿಯ ಇಡುಗಂಟು: 2008–2010ರ ಒಂದು ಲೆಕ್ಕ

ನಿವೃತ್ತಿಯ ಇಡುಗಂಟನ್ನು ಷೇರುಪೇಟೆಯಲ್ಲಿಟ್ಟವರ ಅಪಾಯವನ್ನು ಸರಾಸರಿ ಗಳಿಕೆಯಿಂದ ಅಳೆಯುವುದು ರೂಢಿ. ಹಣವನ್ನು ಮುಟ್ಟದೆ ಬಿಟ್ಟವರಿಗೆ ಕುಸಿತ ಮೊದಲು ಬಂದರೂ ಕೊನೆಗೆ ಬಂದರೂ ಸಿಗುವ ಮೊತ್ತ ಒಂದೇ. ಮನೆಖರ್ಚಿಗೆ ಅದರಿಂದಲೇ ತೆಗೆಯುವವರಿಗೆ ಮಾತ್ರ ವರ್ಷಗಳ ಸರದಿಯೂ ಲೆಕ್ಕಕ್ಕೆ ಬರುತ್ತದೆ. ಎಷ್ಟರಮಟ್ಟಿಗೆ ಎಂಬುದನ್ನು ಸೆನ್ಸೆಕ್ಸ್‌ನ ಮೂರು ವರ್ಷಗಳಲ್ಲಿ ನೋಡಬಹುದು.

2007ರ ಕೊನೆಗೆ ಸೂಚ್ಯಂಕ ಸುಮಾರು 20,287. ಮುಂದಿನ ಮೂರು ವರ್ಷಾಂತ್ಯಗಳಲ್ಲಿ ಕ್ರಮವಾಗಿ 9,647, 17,465 ಮತ್ತು 20,509. ಬಿದ್ದು ಎದ್ದು, ಹೊರಟಲ್ಲಿಗೇ ಬಂತು. 2008ರ ಜನವರಿಯಲ್ಲಿ ಸೂಚ್ಯಂಕದ ಮೇಲೆ ಒಂದು ಕೋಟಿ ರೂಪಾಯಿ ಹೂಡಿ ಸುಮ್ಮನಿದ್ದರೆ 2010ರ ಕೊನೆಗೆ 101.1 ಲಕ್ಷ. ಪ್ರತಿ ಜನವರಿಯಲ್ಲಿ 6 ಲಕ್ಷ ತೆಗೆದಿದ್ದರೆ 75.2 ಲಕ್ಷ. ಇದೇ ಮೂರು ವರ್ಷಗಳನ್ನು ತಿರುಗುಮುರುಗು ಮಾಡಿ ಕುಸಿತವನ್ನು ಕೊನೆಗಿಟ್ಟರೆ 87 ಲಕ್ಷ. ಲಾಭಾಂಶ, ತೆರಿಗೆ, ಶುಲ್ಕ ಇಲ್ಲಿ ಸೇರಿಲ್ಲ. ತೆಗೆದದ್ದು ಎರಡೂ ಕಡೆ 18 ಲಕ್ಷವೇ. ವ್ಯತ್ಯಾಸ ಹೆಚ್ಚುಕಡಿಮೆ 12 ಲಕ್ಷ.

ಕಾರಣ ಸರಳ. 2009ರ ಜನವರಿಯಲ್ಲಿ ಅದೇ 6 ಲಕ್ಷಕ್ಕೆ ಹಿಂದಿನ ವರ್ಷಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಯೂನಿಟ್ ಮಾರಬೇಕಾಯಿತು. ಮಾರಿ ಹೋದವಕ್ಕೆ ಆ ವರ್ಷದ ಶೇ. 81ರ ಏರಿಕೆ ದಕ್ಕಲಿಲ್ಲ.

ಮೂರು ವರ್ಷದ ಖರ್ಚಿನ 18 ಲಕ್ಷವನ್ನು ಮೊದಲೇ ಬ್ಯಾಂಕಿನಲ್ಲಿಟ್ಟು, 82 ಲಕ್ಷವನ್ನಷ್ಟೇ ಹೂಡಿದ್ದರೆ? ಬಡ್ಡಿಯನ್ನು ಸೊನ್ನೆ ಎಂದುಕೊಂಡರೂ ಕೊನೆಗೆ 82.9 ಲಕ್ಷ, ಸರದಿ ಯಾವುದೇ ಇರಲಿ. ಕೆಟ್ಟ ಸರದಿಯಲ್ಲಿ 7.7 ಲಕ್ಷ ಉಳಿಯಿತು. ಒಳ್ಳೆಯ ಸರದಿಯಲ್ಲಿ 4.1 ಲಕ್ಷ ಖೋತಾ ಆಯಿತು. ಈ ಖೋತಾ ವಿಮೆಯ ಕಂತಿದ್ದಂತೆ. ಮೀಸಲಿಡಲು ಹೇಳುವ ಸಲಹೆಗಾರರು ಅದನ್ನೂ ಮುಚ್ಚಿಡದೆ ಹೇಳಬೇಕು.

ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಪಾತ್ರ ಬೇರೆ. 2008ರಲ್ಲಿ ಅದರ ಮಿತಿ 15 ಲಕ್ಷ, ಬಡ್ಡಿ ಶೇ. 9; ಪೂರ್ತಿ ಇಟ್ಟವರಿಗೆ ಮೂರು ತಿಂಗಳಿಗೊಮ್ಮೆ 33,750 ರೂಪಾಯಿ. ಅವಧಿ 5 ವರ್ಷ, ನಡುವೆ ಮುಚ್ಚಿದರೆ ದಂಡ. ಹಾಗಾಗಿ ಅಸಲನ್ನು ವರ್ಷವರ್ಷ ತೆಗೆದು ಖರ್ಚು ಮಾಡಲು ಅದು ಒಗ್ಗದು. ಷೇರು ಮಾರುವ ಒತ್ತಡವನ್ನು ತಗ್ಗಿಸಲು ಅದರ ಬಡ್ಡಿ ಒದಗುತ್ತದೆ.

ಮೇಲಿನ ಲೆಕ್ಕಕ್ಕೆ ಒಂದು ಮಿತಿಯಿದೆ. ಇಲ್ಲಿ ಪೇಟೆ ಮೂರೇ ವರ್ಷದಲ್ಲಿ ಚೇತರಿಸಿಕೊಂಡಿತು. ಜಪಾನಿನ ನಿಕ್ಕಿ ಸೂಚ್ಯಂಕ 1989ರ ಡಿಸೆಂಬರಿನಲ್ಲಿ ಮುಟ್ಟಿದ ಎತ್ತರವನ್ನು ದಾಟಿದ್ದು 2024ರ ಫೆಬ್ರುವರಿಯಲ್ಲಿ. ಅಂಥ ದೀರ್ಘ ಕುಸಿತವನ್ನು ಮೂರು ವರ್ಷದ ಮೀಸಲು ತಾಳದು. ಪೇಟೆ ಬಿದ್ದ ವರ್ಷ ಎಷ್ಟು ಕಡಿಮೆ ತೆಗೆದು ಬದುಕಬಲ್ಲೆವು ಎಂಬ ಮೊತ್ತವೂ ನಿವೃತ್ತಿಗೆ ಮುನ್ನವೇ ನಿಗದಿಯಾಗಿರಬೇಕು.