ಸೆಕೆಂಡ್ ಹ್ಯಾಂಡ್ ಮಾಲು ಮತ್ತು ಗ್ರಾಹಕರ ಕಾನೂನು: ಒಂದು ಹಿನ್ನೋಟ

ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲು, ಸುಳಿ ನೋಡಿ ವ್ಯಾಪಾರ ಮಾಡ್ತೀವಿ. ಆದರೆ ಎರಡು ಮೂರು ಕೈ ದಾಟಿ ಬಂದ ಮೋಟಾರು, ಟಿಲ್ಲರಿನ ಒಳಗಿನ ದೋಷ ಕಣ್ಣಿಗೆ ಕಾಣೋದಿಲ್ಲ. ಕೆಟ್ಟರೆ ಯಾರನ್ನ ಕೇಳೋದು?

"ಕೊಳ್ಳುವವನೇ ಎಚ್ಚರವಾಗಿರಲಿ" ಎಂಬುದೇ ಹಿಂದಿನ ಕಾನೂನಿನ ಮಾತಾಗಿತ್ತು. ಕರಾರು ಯಾರೊಂದಿಗೋ ಹೊಣೆ ಅವರಿಗಷ್ಟೇ. ಇಂಗ್ಲೆಂಡಿನಲ್ಲಿ ಟಪಾಲು ಗಾಡಿ ಮುರಿದು ಗಾಯಗೊಂಡ ಚಾಲಕನೊಬ್ಬನಿಗೆ 1842ರಲ್ಲಿ ನ್ಯಾಯಾಲಯ ಪರಿಹಾರ ನಿರಾಕರಿಸಿತು. ಗಾಡಿ ನೋಡಿಕೊಳ್ಳುವವನ ಕರಾರು ಅಂಚೆ ಅಧಿಕಾರಿಯೊಂದಿಗಿತ್ತು, ಚಾಲಕನೊಂದಿಗಲ್ಲ!

ಈ ಗೋಡೆ ಒಡೆದದ್ದು ಅಮೆರಿಕದ ನ್ಯೂಯಾರ್ಕಿನಲ್ಲಿ, 1916ರಲ್ಲಿ. ಡೀಲರಿನಿಂದ ಬ್ಯೂಕ್ ಕಾರು ಕೊಂಡ ಮ್ಯಾಕ್‌ಫರ್ಸನ್ ಎಂಬುವರು ಚಕ್ರದ ಮರ ಕಳಪೆಯಾಗಿದ್ದು ಮುರಿದಾಗ ಗಾಯಗೊಂಡರು. ಕಾರು ತಯಾರಿಸಿದ ಕಂಪನಿಯೇ ಹೊಣೆ ಎಂದು ನ್ಯಾಯಮೂರ್ತಿ ಕಾರ್ಡೋಜೊ ತೀರ್ಪು ಬರೆದರು. ನಡುವೆ ಮಾರಿದವನಿದ್ದಾನೆಂಬ ನೆಪ ನಡೆಯಲಿಲ್ಲ.

ನಮ್ಮಲ್ಲಿ 1930ರ ಸರಕು ಮಾರಾಟ ಕಾಯಿದೆ ಕೊಂಡವನಿಗೂ ಮಾರಿದವನಿಗೂ ನಡುವಿನ ವ್ಯವಹಾರವನ್ನೇ ನೋಡಿತು. 1986ರ ಗ್ರಾಹಕರ ಸಂರಕ್ಷಣಾ ಕಾಯಿದೆ ಬಂದಾಗ, ಕೊಂಡವನ ಒಪ್ಪಿಗೆಯಿಂದ ಬಳಸುವವನೂ ಗ್ರಾಹಕನೆನಿಸಿದ. ಮರುಮಾರಾಟಕ್ಕೆ ಕೊಳ್ಳುವವನನ್ನು ಹೊರಗಿಟ್ಟರು. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕೆ ಕೊಳ್ಳುವವನಿಗೆ 1993ರ ತಿದ್ದುಪಡಿ ರಕ್ಷಣೆ ಸ್ಪಷ್ಟಪಡಿಸಿತು.

20 ಜುಲೈ 2020ರಿಂದ ಜಾರಿಗೆ ಬಂದ 2019ರ ಕಾಯಿದೆ 'ಉತ್ಪನ್ನ ಹೊಣೆಗಾರಿಕೆ' ಎಂಬ ಅಧ್ಯಾಯ ಸೇರಿಸಿತು. ದೋಷವಿರುವ ಯಂತ್ರದಿಂದ ಗ್ರಾಹಕನಿಗೆ ಗಾಯವಾದರೆ ತಯಾರಕನ ಮೇಲೂ ಪರಿಹಾರ ಕೇಳಬಹುದು. ಆದರೆ ಒಂದು ಮಾತು ಗಮನಿಸಿ: ಯಂತ್ರವೇ ಕೆಟ್ಟ ನಷ್ಟಕ್ಕೆ ಈ ಅಧ್ಯಾಯ ಅನ್ವಯಿಸೋದಿಲ್ಲ. ಅದಕ್ಕೆ ಮಾರಿದ ಅಂಗಡಿಯವನ ಮೇಲೆ ದೂರು ಕೊಡಬಹುದು. ಪಕ್ಕದ ಮನೆಯವರು ತಮ್ಮ ಹಳೇ ಪಂಪ್‌ಸೆಟ್ ಮಾರಿದರೆ ಅವರು ವರ್ತಕರಲ್ಲ. ಗ್ರಾಹಕರ ಆಯೋಗದ ದಾರಿ ಅಲ್ಲಿ ಸಿಗೋದು ಕಷ್ಟ.

ಆದ್ದರಿಂದ ಹಳೇ ಮಾಲು ಕೊಳ್ಳುವ ಬಾಂಧವರು ರಸೀದಿ ಬರೆಸಿಕೊಳ್ಳದೆ ಹಣ ಎಣಿಸಬಾರದು. ಯಂತ್ರದ ನಂಬರು, ಮಾರಿದವರು ಹೇಳಿದ ಭರವಸೆ ಅದರಲ್ಲಿರಲಿ. ದೂರು ಕೊಡಲು ಎರಡು ವರ್ಷ ಅವಧಿ ಇದೆ. ನಾವಿರುವ ಜಿಲ್ಲೆಯ ಆಯೋಗದಲ್ಲೇ ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ.

ಹಕ್ಕು ಕೈಯಿಂದ ಕೈಗೆ ದಾಟಿ ಬರಲು ನೂರಾರು ವರ್ಷ ಹಿಡಿಯಿತು. ಒಂದು ಚೀಟಿ ಇಲ್ಲದೆ ಅದನ್ನ ಕಳೆದುಕೊಳ್ಳೋದು ಬೇಡ.