ಮೋಮಿನಪುರದ ಮಗ್ಗುಲಲ್ಲೇ ಆಸ್ಪತ್ರೆ: ನಾಗಪುರದ ಸಾಂಕ್ರಾಮಿಕ ಚರಿತ್ರೆ ಕಲಿಸುವ ಪಾಠ

ನಾಗಪುರದ ಮೋಮಿನಪುರ, ಹೆಸರೇ ಹೇಳುವಂತೆ, ನೇಕಾರ ಮೋಮಿನರು ನೆಲೆ ನಿಂತ ಹಳೆಯ ಬಡಾವಣೆ. ಅದರ ಮಗ್ಗುಲಲ್ಲೇ, ಸೆಂಟ್ರಲ್ ಅವೆನ್ಯೂ ರಸ್ತೆಯಲ್ಲಿ, ಬ್ರಿಟಿಷರ ಕಾಲದ ಮೇಯೋ ಆಸ್ಪತ್ರೆ ಇದೆ. ಈಗ ಅದು ಇಂದಿರಾ ಗಾಂಧಿ ಸರಕಾರಿ ವೈದ್ಯಕೀಯ ಕಾಲೇಜು. ಊರವರ ಬಾಯಲ್ಲಿ ಮಾತ್ರ ಇಂದಿಗೂ ಮೇಯೋ. ಮೋಮಿನಪುರದ ಗಲ್ಲಿಯಿಂದ ನಡೆದುಕೊಂಡೇ ಹೋಗಬಹುದು. ಆದರೆ 2020ರ ಏಪ್ರಿಲ್‌ನಲ್ಲಿ ಇಲ್ಲಿನವರಿಗೂ ಸತರಂಜಿಪುರದವರಿಗೂ ಈ ಆಸ್ಪತ್ರೆಯ ಹೆಸರು ಕೇಳಿದರೇ ಎದೆ ಝಲ್ಲೆನ್ನುವಂತಾಯಿತು. ಇಷ್ಟು ಹತ್ತಿರದ ಆಸ್ಪತ್ರೆಗೆ ಹೋಗಲು ಜನ ಯಾಕೆ ಹೆದರಬೇಕು? ಇದಕ್ಕೆ ಉತ್ತರ ಬೇಕಾದರೆ ಸುಮಾರು 120 ವರ್ಷ ಹಿಂದಕ್ಕೆ ಹೋಗಬೇಕು.

1896ರಲ್ಲಿ ಮುಂಬೈಗೆ ಪ್ಲೇಗ್ ಬಂತು. ಮರುವರ್ಷವೇ ಬ್ರಿಟಿಷ್ ಸರಕಾರ ಸಾಂಕ್ರಾಮಿಕ ರೋಗಗಳ ಕಾಯಿದೆ ತಂದಿತು. ಮನೆಯೊಳಗೆ ನುಗ್ಗಿ ಶೋಧಿಸುವುದು, ರೋಗಿಯನ್ನು ಎತ್ತಿಕೊಂಡು ಹೋಗುವುದು, ಸಾಮಾನು ಸುಡುವುದು ಎಲ್ಲಕ್ಕೂ ಅಧಿಕಾರಿಗಳಿಗೆ ಬಲ ಬಂತು. ಪುಣೆಯಲ್ಲಿ ಸೈನಿಕರೇ ಮನೆ ಶೋಧಕ್ಕೆ ಇಳಿದರು. ಜನರ ಸಿಟ್ಟು ಎಷ್ಟಿತ್ತೆಂದರೆ, 1897ರ ಜೂನ್ 22ರಂದು ಚಾಪೇಕರ್ ಸಹೋದರರು ಪ್ಲೇಗ್ ಅಧಿಕಾರಿ ರ‍್ಯಾಂಡ್‌ಗೆ ಗುಂಡು ಹಾರಿಸಿದರು. 1898ರ ಮಾರ್ಚ್‌ನಲ್ಲಿ ಮುಂಬೈಯ ಮದನಪುರದಲ್ಲಿ ಶೋಧಕರು ಒಬ್ಬ ಹುಡುಗಿಯನ್ನು ಆಸ್ಪತ್ರೆಗೆ ಒಯ್ಯಲು ಬಂದಾಗ ಮುಸ್ಲಿಂ ನೇಕಾರರು ತಿರುಗಿಬಿದ್ದರು. ಗಲಭೆ ನಗರಕ್ಕೆಲ್ಲ ಹಬ್ಬಿತು. ಪುಣೆಯಲ್ಲಿ ಸಿಟ್ಟಾದವರು ಬ್ರಾಹ್ಮಣ ಯುವಕರು, ಮದನಪುರದಲ್ಲಿ ಸಿಟ್ಟಾದವರು ನೇಕಾರ ಮುಸ್ಲಿಮರು. ಭಯಕ್ಕೆ ಜಾತಿ, ಮತ ಇಲ್ಲ ಅಂತ ಹೇಳೋಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ?

ಅದೇ ಹೊತ್ತಿನಲ್ಲಿ ಅದೇ ಮುಂಬೈಯಲ್ಲಿ ಇನ್ನೊಂದು ಸಂಗತಿಯೂ ನಡೆಯಿತು. ವಿಜ್ಞಾನಿ ಹಾಫ್ಕಿನ್ ಪ್ಲೇಗ್ ಲಸಿಕೆ ಸಿದ್ಧಪಡಿಸಿದಾಗ ಜನ ಹೆದರಿ ದೂರ ಸರಿದರು. ಆಗ ಇಸ್ಮಾಯಿಲಿಗಳ ಇಮಾಮರಾಗಿದ್ದ ಮೂರನೆಯ ಆಗಾ ಖಾನ್, ಇನ್ನೂ ಇಪ್ಪತ್ತರ ಆಸುಪಾಸಿನ ತರುಣ, ಎಲ್ಲರೆದುರು ತಾವೇ ಲಸಿಕೆ ಹಾಕಿಸಿಕೊಂಡರು. ಅನುಯಾಯಿಗಳು ಮುಂದೆ ಬಂದರು. ಆಯಾ ಸಮುದಾಯದವರೇ ನಡೆಸುವ ಪ್ಲೇಗ್ ಆಸ್ಪತ್ರೆಗಳೂ ಎದ್ದವು. ತಮ್ಮವರೇ ನೋಡಿಕೊಳ್ಳುತ್ತಾರೆ ಎಂಬ ಧೈರ್ಯವಿದ್ದಲ್ಲಿ ರೋಗಿಯನ್ನು ಬಚ್ಚಿಡುವ ಅಗತ್ಯ ಯಾರಿಗೂ ಇರಲಿಲ್ಲ.

ಪ್ಲೇಗಿನ ಕಾಲದಲ್ಲಿ ಸರಕಾರ ಬಾಗಿಲು ಒಡೆದು ಬಂದರೆ, 1918ರಲ್ಲಿ ಅದು ಬರಲೇ ಇಲ್ಲ. ಆ ವರ್ಷದ ಇನ್‌ಫ್ಲುಯೆಂಜಾ ಭಾರತದಲ್ಲಿ ಒಂದು ಕೋಟಿಗೂ ಮೀರಿ ಜನರನ್ನು ಬಲಿ ತೆಗೆದುಕೊಂಡಿತು. ಅತಿ ಹೆಚ್ಚು ಸಾವು ಕಂಡ ಪ್ರದೇಶಗಳಲ್ಲಿ ಮಧ್ಯಪ್ರಾಂತವೂ ಒಂದು. ಅದರ ರಾಜಧಾನಿಯೇ ನಾಗಪುರ. ಮೊದಲ ಮಹಾಯುದ್ಧಕ್ಕೆಂದು ಎಷ್ಟೋ ವೈದ್ಯರು ಹೊರಟುಹೋಗಿದ್ದರು. ಮಳೆ ಕೈಕೊಟ್ಟು ಧಾನ್ಯದ ಬೆಲೆ ಏರಿತ್ತು. ದೇಶದ ಹಲವೆಡೆ ಔಷಧಿ, ಗಂಜಿ, ಹಾಲು ಹಂಚಿದವರು, ಹೆಣಗಳಿಗೆ ಸಂಸ್ಕಾರ ಮಾಡಿದವರು ಊರಿನ ಸ್ವಯಂಸೇವಕರು ಮತ್ತು ಸಮುದಾಯದ ಸಂಘಗಳು.

ಈಗ 2020ಕ್ಕೆ ಬರೋಣ. ನಾಗಪುರದಲ್ಲಿ ಮೊದಲ ಕೊರೊನಾ ಸೋಂಕು ಪತ್ತೆಯಾದದ್ದು ಮಾರ್ಚ್‌ನಲ್ಲಿ, ಅಮೆರಿಕದಿಂದ ಮರಳಿದವರೊಬ್ಬರಲ್ಲಿ. ಮೊದಲ ಸಾವು ಏಪ್ರಿಲ್ ಮೊದಲ ವಾರ, ಸತರಂಜಿಪುರದಲ್ಲಿ. ಕೂಡಲೇ ಬಡಾವಣೆಗೆ ಬೇಲಿ ಬಿತ್ತು. ಸೋಂಕಿತರ ಸಂಪರ್ಕಕ್ಕೆ ಬಂದ ನೂರಾರು ಮಂದಿಯನ್ನು ಎಂಎಲ್ಎ ಹಾಸ್ಟೆಲ್‌ನಂಥ ಕಡೆ ಕ್ವಾರಂಟೈನ್ ಮಾಡಲಾಯಿತು. ಸೋಂಕು ತಡೆಯಲು ಪ್ರತ್ಯೇಕವಾಸ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ದಿನಗಳಲ್ಲಿ ದೆಹಲಿಯ ತಬ್ಲೀಗ್ ಮರ್ಕಝ್ ಸುದ್ದಿಯನ್ನು ಹಿಡಿದುಕೊಂಡು ಟಿವಿ ಚಾನೆಲ್‌ಗಳು ಇಡೀ ಸಮುದಾಯವನ್ನೇ ಆರೋಪಿ ಸ್ಥಾನದಲ್ಲಿ ನಿಲ್ಲಿಸಿದ್ದವು. ಮುಂಬೈ ಪಾಲಿಕೆ ಮಾರ್ಚ್ 30ರಂದು ಕೊರೊನಾದಿಂದ ಸತ್ತವರನ್ನೆಲ್ಲ ದಹನ ಮಾಡಬೇಕೆಂದು ಆದೇಶ ಹೊರಡಿಸಿ, ಅದೇ ದಿನ ಹಿಂದಕ್ಕೆ ಪಡೆದಿತ್ತು. ಆದೇಶ ಹಿಂದಕ್ಕೆ ಹೋಯಿತು, ಭಯ ಹೋಗಲಿಲ್ಲ. ಆಸ್ಪತ್ರೆಗೆ ಹೋದರೆ ಅಪರಾಧಿಯಂತೆ ಕಾಣುತ್ತಾರೆ, ಸತ್ತರೆ ಜನಾಝವೂ ಸಿಗಲ್ಲ ಅಂತ ಅನ್ನಿಸಿದವರು ಜ್ವರವನ್ನು ಮುಚ್ಚಿಡದೆ ಇನ್ನೇನು ಮಾಡಿಯಾರು?

ನಮ್ಮ ಬೆಂಗಳೂರಿನ ಪಾದರಾಯನಪುರದಲ್ಲೂ ಏಪ್ರಿಲ್ 19ರ ರಾತ್ರಿ ಕ್ವಾರಂಟೈನ್‌ಗೆ ಕರೆದೊಯ್ಯಲು ಬಂದ ಸಿಬ್ಬಂದಿಯ ಮೇಲೆ ಕೆಲವರು ಮುಗಿಬಿದ್ದರು. ಅದನ್ನು ಯಾರೂ ಸಮರ್ಥಿಸಬೇಕಾಗಿಲ್ಲ. ಆದರೆ ಮದನಪುರದ ಚರಿತ್ರೆ ಓದಿದವರಿಗೆ ಅದು ಹೊಸದಾಗಿಯೂ ಕಾಣದು.

ನಾಗಪುರದಲ್ಲಿ ಸಿಕ್ಕಿಬಿದ್ದಿದ್ದ ಮ್ಯಾನ್ಮಾರ್‌ನ ಎಂಟು ತಬ್ಲೀಗ್ ಸದಸ್ಯರ ಮೇಲೆ ರೋಗ ಹರಡಿದ ಮೊಕದ್ದಮೆ ಹೂಡಲಾಗಿತ್ತು. ಅದಕ್ಕೆ ಪುರಾವೆಯೇ ಇಲ್ಲವೆಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2020ರ ಸೆಪ್ಟೆಂಬರ್‌ನಲ್ಲಿ ಅದನ್ನು ರದ್ದು ಮಾಡಿತು. ಆ ತೀರ್ಪು ಎಷ್ಟು ಚಾನೆಲ್‌ಗಳಲ್ಲಿ ಬಂತು ಅಂತ ನಿಮಗೇ ಗೊತ್ತು.

ಎರಡನೇ ಅಲೆಯಲ್ಲಿ ಪರಿಸ್ಥಿತಿ ಮಗುಚಿಬಿತ್ತು. 2021ರ ಮಾರ್ಚ್ 15ರಿಂದ 21ರ ವರೆಗೆ ನಾಗಪುರ ಮತ್ತೆ ಲಾಕ್‌ಡೌನ್ ಆಯಿತು. ಈಗ ಜನ ತಾವಾಗಿಯೇ ಆಸ್ಪತ್ರೆಗೆ ಓಡುತ್ತಿದ್ದರು, ಅಲ್ಲಿ ಹಾಸಿಗೆ ಇರಲಿಲ್ಲ, ಆಮ್ಲಜನಕ ಇರಲಿಲ್ಲ. ಏಪ್ರಿಲ್ 19ರಂದು ನಾಗಪುರ ಪೀಠವೇ ಮಧ್ಯೆ ಬಂದು, ಅವತ್ತೇ 10,000 ರೆಮ್‌ಡೆಸಿವಿರ್ ಬಾಟಲಿ ನಾಗಪುರಕ್ಕೆ ಕೊಡಬೇಕೆಂದು ರಾಜ್ಯ ಸರಕಾರಕ್ಕೆ ಆದೇಶಿಸಬೇಕಾಯಿತು. ನಂಬಿಕೆ ಇದ್ದರೆ ಸಾಲದು, ದಾರಿಯೂ ತೆರೆದಿರಬೇಕು. ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2020ರಲ್ಲಿ ತಲಪಾಡಿ ಗಡಿ ಮುಚ್ಚಿದಾಗ, ಎದುರಿಗೇ ಇದ್ದ ಮಂಗಳೂರಿನ ಆಸ್ಪತ್ರೆಗಳಿಗೆ ಹೋಗಲಾಗದೆ ರೋಗಿಗಳು ಪ್ರಾಣ ಬಿಟ್ಟರು. ದಾರಿ ಬಿಡಿಸಲು ಕೇರಳ ಹೈಕೋರ್ಟ್, ಆಮೇಲೆ ಸುಪ್ರೀಂ ಕೋರ್ಟಿನ ತನಕ ಹೋಗಬೇಕಾಯಿತು.

ನಾಗಪುರದಲ್ಲಿ ಆ ರಮಝಾನ್ ತಿಂಗಳು ಒಬ್ಬ ಲಾರಿ ಸಾಗಣೆದಾರರು ಮುಂದೆ ಬಂದರು. ಪ್ಯಾರೆ ಖಾನ್. ಒಂದು ಕಾಲದಲ್ಲಿ ರೈಲ್ವೆ ಸ್ಟೇಷನ್ ಹೊರಗೆ ಕಿತ್ತಳೆ ಮಾರಿದವರು, ಆಟೋ ಓಡಿಸಿದವರು. ಟ್ಯಾಂಕರ್‌ಗಳೇ ಸಿಗದಿದ್ದಾಗ ಬೆಂಗಳೂರಿನಿಂದ ಹಲವು ಪಟ್ಟು ಬಾಡಿಗೆ ಕೊಟ್ಟು ತರಿಸಿ, ಸರಕಾರಿ ಆಸ್ಪತ್ರೆಗಳಿಗೆ ಆಮ್ಲಜನಕ ಮುಟ್ಟಿಸಿದರು. ಖರ್ಚಾದದ್ದು ಸುಮಾರು 85 ಲಕ್ಷ ರೂಪಾಯಿ ಎಂದು ಪತ್ರಿಕೆಗಳು ವರದಿ ಮಾಡಿದವು. ಆಡಳಿತ ಹಣ ಕೊಡಲು ಮುಂದಾದಾಗ, ಇದು ನನ್ನ ಝಕಾತ್ ಎಂದು ಬೇಡವೆಂದರು. ಆ ಆಮ್ಲಜನಕ ಉಸಿರಾಡಿದವರ ಜಾತಿ ಯಾವುದು ಅಂತ ಯಾರೂ ಕೇಳಲಿಲ್ಲ.

ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ಒಬ್ಬ ಪ್ಯಾರೆ ಖಾನರನ್ನು ಹೊಗಳಿ ಸುಮ್ಮನಾಗುವುದು ಸುಲಭ. ಝಕಾತ್ ಕೊಡುವುದು ವಿಶ್ವಾಸಿಯ ಹೊಣೆ. ಹಾಸಿಗೆ, ಔಷಧಿ, ಆಮ್ಲಜನಕ ಒದಗಿಸುವುದು ಸರಕಾರದ ಹೊಣೆ. ಒಂದು ಇನ್ನೊಂದಕ್ಕೆ ಬದಲಿ ಆಗಬಾರದು. 1898, 1918, 2020, 2021 ಈ ನಾಲ್ಕೂ ವರ್ಷಗಳನ್ನು ಜೊತೆಗಿಟ್ಟು ನೋಡಿದರೆ ಒಂದು ಮಾತು ಸ್ಪಷ್ಟ. ಕಷ್ಟಕಾಲದಲ್ಲಿ ಸರಕಾರ ಒಂದೋ ಬಲಪ್ರಯೋಗ ಮಾಡುತ್ತಾ ಬಂತು, ಇಲ್ಲವೇ ಬೇಕಾದಷ್ಟು ಬರಲೇ ಇಲ್ಲ. ಮನೆ ಮತ್ತು ಆಸ್ಪತ್ರೆಯ ನಡುವೆ ಇಬ್ಬರಿಗೂ ಪರಿಚಯವಿರುವ ಒಬ್ಬ ಮನುಷ್ಯ ನಿಂತಾಗಲೇ ಜನಕ್ಕೆ ಚಿಕಿತ್ಸೆ ದಕ್ಕಿತು.

ಆ ಮನುಷ್ಯನನ್ನು ರೋಗ ಬಂದ ಮೇಲೆ ಹುಡುಕುವುದಲ್ಲ. ನಮ್ಮ ಜಮಾಅತ್‌ಗಳು, ಯುವಕ ಸಂಘಗಳು, ನರ್ಸಿಂಗ್ ಓದುತ್ತಿರುವ ನಮ್ಮ ಹೆಣ್ಣುಮಕ್ಕಳು, ಗಲ್ಲಿಯ ಆಶಾ ಕಾರ್ಯಕರ್ತೆ ಇವರೆಲ್ಲ ಈಗಲೇ ಒಂದೆಡೆ ಕೂತು ಮಾತಾಡಬೇಕು. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಏನಿದೆ, ಏನಿಲ್ಲ ಅಂತ ತಿಳಿದಿರಬೇಕು. ಇಲ್ಲದ್ದನ್ನು ಹಕ್ಕಿನಿಂದ ಕೇಳಬೇಕು. ಮೋಮಿನಪುರದವರಿಗೆ ಆಸ್ಪತ್ರೆ ಮಗ್ಗುಲಲ್ಲೇ ಇತ್ತು, ಆದರೂ ಅದು ತಮ್ಮದು ಅನ್ನಿಸಲಿಲ್ಲ. ನಮ್ಮೂರಿನ ಆಸ್ಪತ್ರೆ ನಮ್ಮದು ಅಂತ ಅನ್ನಿಸುವಂತೆ ಮಾಡುವ ಕೆಲಸ ಆರೋಗ್ಯವಾಗಿರುವ ಈ ದಿನಗಳಲ್ಲೇ ಆಗಬೇಕು.