ಅಪರೂಪದ ಶಿಲೀಂಧ್ರ ಚರ್ಮರೋಗಗಳ ಪತ್ತೆ ಹಾಗೂ ಔಷಧ ಪರೀಕ್ಷೆ: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ
ಗಂಗಾವತಿ ಭಾಗವು ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿಗೆ ಒಳಪಟ್ಟ ಭತ್ತದ ಪ್ರದೇಶವಾಗಿದ್ದು, ಕುಷ್ಟಗಿ ಹಾಗೂ ಯಲಬುರ್ಗಾ ಭಾಗಗಳಲ್ಲಿ ಒಣಬೇಸಾಯದ ಹೊಲಗಳು ಹೆಚ್ಚು. ಬರಿಗಾಲಿನಲ್ಲಿ ದುಡಿಯುವವರಿಗೆ ಮುಳ್ಳು, ಕೂಳೆ ಚುಚ್ಚಿದಾಗ ಮಣ್ಣಿನ ಸೂಕ್ಷ್ಮಜೀವಿಗಳು ಚರ್ಮದೊಳಗೆ ಸೇರುವ ಸಂಭವವಿರುತ್ತದೆ. ಇಂತಹ ರೋಗಗಳಲ್ಲಿ ಪರೀಕ್ಷೆಯಿಲ್ಲದೆ ಔಷಧ ಬಳಸಿದಲ್ಲಿ ಕಾಲನ್ನೇ ಕಳೆದುಕೊಳ್ಳುವ ಸ್ಥಿತಿ ಒದಗಬಹುದು.

1. ಮೈಸಿಟೋಮಾ (ಮದುರಾ ಪಾದ)
ಲಕ್ಷಣಗಳು: ನೋವಿಲ್ಲದ ಬಾವು, ಕೀವು ಸೋರುವ ರಂಧ್ರಗಳು, ಕೀವಿನಲ್ಲಿ ಸಣ್ಣ ಹರಳುಗಳು. ವಿಶ್ವ ಆರೋಗ್ಯ ಸಂಸ್ಥೆಯು 2016ರಲ್ಲಿ ಇದನ್ನು ನಿರ್ಲಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿದೆ. ಈ ರೋಗಕ್ಕೆ ಶಿಲೀಂಧ್ರವೂ ಕಾರಣವಾಗಬಹುದು, ಬ್ಯಾಕ್ಟೀರಿಯಾವೂ ಕಾರಣವಾಗಬಹುದು. ಹೊರನೋಟಕ್ಕೆ ಎರಡೂ ಒಂದೇ ಆಗಿದ್ದರೂ ಚಿಕಿತ್ಸೆ ಬೇರೆಯಾಗಿರುತ್ತದೆ. ಕಪ್ಪು ಹರಳುಗಳು ಸಾಮಾನ್ಯವಾಗಿ ಶಿಲೀಂಧ್ರವನ್ನೂ, ಕೆಂಪು ಹರಳುಗಳು ಬ್ಯಾಕ್ಟೀರಿಯಾವನ್ನೂ ಸೂಚಿಸುತ್ತವೆ. ಬಿಳಿ ಹರಳುಗಳಿಗೆ ಎರಡೂ ಕಾರಣವಾಗಬಹುದು.

2. ವಾಸಿಯಾಗದ ಹುಳುಕಡ್ಡಿ
ಟ್ರೈಕೋಫೈಟಾನ್ ಇಂಡೋಟಿನಿಯೆ ಎಂಬ ಶಿಲೀಂಧ್ರಕ್ಕೆ 2020ರಲ್ಲಿ ಈ ಹೆಸರನ್ನು ನೀಡಲಾಯಿತು. ಟರ್ಬಿನಾಫಿನ್ ಔಷಧವು ತಡೆಯಬೇಕಾದ ಕಿಣ್ವವೇ ಇದರ ಅನೇಕ ತಳಿಗಳಲ್ಲಿ ಬದಲಾಗಿರುವುದರಿಂದ ಔಷಧವು ಫಲ ನೀಡುವುದಿಲ್ಲ. ಸೂಕ್ಷ್ಮದರ್ಶಕದಿಂದ ಮಾತ್ರ ಇದನ್ನು ಸಮೀಪದ ಪ್ರಭೇದಗಳಿಂದ ಬೇರ್ಪಡಿಸಲಾಗದು, ಡಿ.ಎನ್.ಎ. ಪರೀಕ್ಷೆ ಅಗತ್ಯ.

3. ಪರೀಕ್ಷೆಯ ಹಂತಗಳು
(ಅ) ನೇರ ಪರೀಕ್ಷೆ: ಚರ್ಮದ ಹೊಟ್ಟನ್ನು ಶೇ. 10ರಿಂದ 20ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿಟ್ಟು ಶಿಲೀಂಧ್ರದ ಎಳೆಗಳನ್ನು ನೋಡಲಾಗುವುದು. ಎಳೆಗಳು ಕಾಣದಿದ್ದ ಮಾತ್ರಕ್ಕೆ ರೋಗವಿಲ್ಲವೆಂದು ಭಾವಿಸತಕ್ಕದ್ದಲ್ಲ.
(ಆ) ಕೃಷಿಕೆ (ಕಲ್ಚರ್): ಮಾದರಿಯನ್ನು ಪೋಷಕ ಮಾಧ್ಯಮದಲ್ಲಿ ಬೆಳೆಸಲಾಗುವುದು. ವರದಿಗೆ 4 ವಾರಗಳವರೆಗೆ ಕಾಲಾವಕಾಶ ಬೇಕಾಗಬಹುದು.
(ಇ) ಔಷಧ ಸಂವೇದನಾ ಪರೀಕ್ಷೆ: ಬೆಳೆದ ಶಿಲೀಂಧ್ರವನ್ನು ಔಷಧದ ವಿವಿಧ ಪ್ರಮಾಣಗಳಲ್ಲಿಟ್ಟು, ಬೆಳವಣಿಗೆಯನ್ನು ತಡೆಯುವ ಕನಿಷ್ಠ ಪ್ರಮಾಣವನ್ನು ಗುರುತಿಸಲಾಗುವುದು.

4. ಎಲ್ಲಿ ಸಂಪರ್ಕಿಸಬೇಕು
ಮೊದಲು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಯ ವೈದ್ಯರನ್ನು ಕಾಣತಕ್ಕದ್ದು. ಹೆಚ್ಚಿನ ತಪಾಸಣೆ ಅಗತ್ಯವಿದ್ದಲ್ಲಿ, ಅವರ ಶಿಫಾರಸು ಪತ್ರದೊಂದಿಗೆ ಕೊಪ್ಪಳ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಚರ್ಮರೋಗ ವಿಭಾಗಕ್ಕೆ ತೆರಳಬಹುದು. ರೋಗಕಾರಕ ಶಿಲೀಂಧ್ರಗಳ ರಾಷ್ಟ್ರೀಯ ಸಂಗ್ರಹವು ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯಲ್ಲಿದೆ.

5. ರೋಗಿಗಳು ಗಮನಿಸಬೇಕಾದ ಅಂಶಗಳು
• ಈವರೆಗೆ ಬಳಸಿದ ಎಲ್ಲ ಮುಲಾಮು, ಮಾತ್ರೆಗಳ ಖಾಲಿ ಡಬ್ಬಿ ಅಥವಾ ಚೀಟಿಗಳನ್ನು ತರತಕ್ಕದ್ದು. ಶಿಲೀಂಧ್ರನಾಶಕ ಹಚ್ಚಿದ್ದಲ್ಲಿ ಕೃಷಿಕೆಯಲ್ಲಿ ಬೆಳವಣಿಗೆ ಕಾಣದಿರಬಹುದು.
• ಸ್ಟಿರಾಯ್ಡ್ ಬೆರೆತ ಮುಲಾಮು ತುರಿಕೆಯನ್ನು ತಗ್ಗಿಸಿದರೂ ಸೋಂಕನ್ನು ಹರಡಿಸುತ್ತದೆ. 2018ರಲ್ಲಿ ಇಂತಹ 14 ಸ್ಟಿರಾಯ್ಡ್‌ಗಳನ್ನು ಅನುಸೂಚಿ ಎಚ್‌ಗೆ ಸೇರಿಸಲಾಗಿದ್ದು, ವೈದ್ಯರ ಚೀಟಿ ಕಡ್ಡಾಯವಾಗಿರುತ್ತದೆ.
• ಚರ್ಮದ ತುಣುಕನ್ನು ಕೃಷಿಕೆಗೆ ಕಳುಹಿಸುವಾಗ ಅದು ಫಾರ್ಮಾಲಿನ್‌ನಲ್ಲಿ ಇಲ್ಲದಿರುವುದನ್ನು ಖಚಿತಪಡಿಸಿಕೊಳ್ಳುವುದು. ಫಾರ್ಮಾಲಿನ್‌ನಲ್ಲಿ ಶಿಲೀಂಧ್ರ ಸಾಯುತ್ತದೆ.
• ಮೈಸಿಟೋಮಾ ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುತ್ತದೆ. ಬಾವು ಇಳಿಯಿತೆಂದು ಔಷಧವನ್ನು ಮಧ್ಯದಲ್ಲಿ ನಿಲ್ಲಿಸಬಾರದು.

ಸೂಚನೆ: ಪಾದದಲ್ಲಿ ನೋವಿಲ್ಲದ ಗಂಟು ಕಂಡುಬಂದಲ್ಲಿ, ನೋವು ಬರಲೆಂದು ಕಾಯದೆ ಕೂಡಲೇ ತಪಾಸಣೆಗೆ ಒಳಗಾಗತಕ್ಕದ್ದು.